ರಾಗಿ ಹಂಗಾಮಿನಲ್ಲಿ ಬಸುರಿ ಮತ್ತು ಕೂಸಿನ ಆರೈಕೆ

ಕಡೂರು ತಾಲ್ಲೂಕಿನ ಯಗಟಿ ಹೋಬಳಿಯು ರಾಜ್ಯದ ಮಧ್ಯ ಒಣ ವಲಯಕ್ಕೆ ಸೇರಿದೆ. ಮಳೆಯಾಶ್ರಯದ ರಾಗಿ ಇಲ್ಲಿಯ ಮುಖ್ಯ ಆಹಾರ ಬೆಳೆ. ಜುಲೈನಲ್ಲಿ ಬಿತ್ತಿದ ರಾಗಿಗೆ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಕಳೆ ತೆಗೆಯಬೇಕು; ನವೆಂಬರ್ ವೇಳೆಗೆ ಕೊಯ್ಲು. ಈ ಎರಡೂ ಕೆಲಸಗಳಲ್ಲಿ ಹೆಂಗಸರ ಪಾಲೇ ಹೆಚ್ಚು. ಯುಗಾದಿಯ ಹೊತ್ತಿಗೆ ಮುಟ್ಟು ನಿಂತ ಹೆಣ್ಣುಮಗಳಿಗೆ ಕಳೆಯ ಕಾಲಕ್ಕೆ ಆರೇಳು ತಿಂಗಳಾಗಿರುತ್ತದೆ. ಕೊಯ್ಲಿನ ಕಾಲಕ್ಕೆ ದಿನ ತುಂಬುತ್ತಿರುತ್ತದೆ. ದೇಹಕ್ಕೆ ರಕ್ತ, ಆಹಾರ, ವಿಶ್ರಾಂತಿ ಹೆಚ್ಚು ಬೇಕಾದ ಸಮಯವೂ, ಹೊಲದ ಕೆಲಸ ಹೆಚ್ಚುವ ಸಮಯವೂ ಒಂದೇ ಆಗುತ್ತದೆ.

ಕರೆಯುವ ಹಸು ಗಬ್ಬವಾದರೆ, ಈಯುವುದಕ್ಕೆ ಎರಡು ತಿಂಗಳು ಮೊದಲೇ ಹಾಲು ಬತ್ತಿಸಿ ಬಿಡುವು ಕೊಡುತ್ತೇವೆ. ಮನೆಯ ಹೆಣ್ಣುಮಗಳಿಗೆ ಇಷ್ಟಾದರೂ ಬಿಡುವು ಸಿಗಬೇಡವೇ? ಆದುದರಿಂದ ಬಿತ್ತನೆಯ ಯೋಜನೆ ಮಾಡುವಾಗಲೇ ಬಸುರಿಯ ಪಾಲಿನ ಕೆಲಸವನ್ನು ಯಾರು ಮಾಡಬೇಕೆಂಬುದನ್ನೂ ಮನೆಯವರು ಕುಳಿತು ತೀರ್ಮಾನಿಸಬೇಕು.

ಬಸುರಿ ಮಾಡಬಾರದ ಕೆಲಸಗಳು

1. ಕೀಟನಾಶಕ, ಕಳೆನಾಶಕಗಳನ್ನು ಬೆರೆಸುವುದು, ಸಿಂಪಡಿಸುವುದು, ವಿಷ ಔಷಧಿಯಿಂದ ಬೀಜೋಪಚಾರ ಮಾಡುವುದು.

2. ಹೊಸದಾಗಿ ಔಷಧಿ ಸಿಂಪಡಿಸಿದ ಹೊಲದಲ್ಲಿ ಕಳೆ ಕೀಳುವುದು. ಸಿಂಪಡಿಸಿದವರ ಬಟ್ಟೆ ಒಗೆಯುವುದು. ವಿಷವು ಬಾಯಿಯಿಂದ ಮಾತ್ರವಲ್ಲ, ಚರ್ಮದ ಮೂಲಕವೂ ಮೈಗೆ ಸೇರುತ್ತದೆ.

3. ರಾಗಿ ಹೊರೆ, ತುಂಬಿದ ಕೊಡ ಮುಂತಾದ ಭಾರ ಹೊರುವುದು. ಬಿಸಿಲಿನಲ್ಲಿ ಹೊತ್ತುಗಟ್ಟಲೆ ಬಗ್ಗಿ ದುಡಿಯುವುದು.

4. ಬರಿಗಾಲಿನಲ್ಲಿ ತೇವದ ಮಣ್ಣಿನಲ್ಲಿ ಓಡಾಡುವುದು. ಕೊಕ್ಕೆಹುಳು ಅಂಗಾಲಿನ ಮೂಲಕ ಒಳಹೊಕ್ಕು ಕರುಳಿನಲ್ಲಿದ್ದು ರಕ್ತ ಹೀರುತ್ತದೆ.

ರಾಗಿ ಒಂದೇ ಸಾಲದು

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಬಸುರಿಯರಲ್ಲಿ ಸುಮಾರು 45 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಬಸುರಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಇಳಿದರೆ ಅಪಾಯ. ಅಂಥವಳು ಹೆರಿಗೆಯ ರಕ್ತಸ್ರಾವವನ್ನು ತಾಳಲಾರಳು. ಕೂಸು ದಿನ ತುಂಬುವ ಮೊದಲೇ ಅಥವಾ ತೂಕ ಕಡಿಮೆಯಾಗಿ ಹುಟ್ಟಬಹುದು.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಸುಣ್ಣದಂಶವಿದೆ. ಕಬ್ಬಿಣದಂಶವಾದರೋ ನಾಲ್ಕೈದು ಮಿ.ಗ್ರಾಂ ಮಾತ್ರ. ಅದರಲ್ಲೂ ರಾಗಿಯ ಫೈಟೇಟ್ ಮತ್ತು ಟ್ಯಾನಿನ್‌ಗಳ ದೆಸೆಯಿಂದ ಮೈಗೆ ಹತ್ತುವುದು ಸ್ವಲ್ಪವೇ. ರಾಗಿಯನ್ನು ಮೊಳಕೆ ಬರಿಸಿ ಹಿಟ್ಟು ಮಾಡಿದರೆ ಈ ತಡೆ ಕಡಿಮೆಯಾಗುತ್ತದೆ. ಮುದ್ದೆಯ ಜೊತೆಗೆ ಅಕ್ಕಡಿ ಸಾಲಿನ ಅವರೆ, ಅಲಸಂದೆ, ಮೊಳಕೆ ಹುರುಳಿ, ನುಗ್ಗೆ ಸೊಪ್ಪು ಇರಲಿ. ನಿಂಬೆ, ಸೀಬೆ ಅಥವಾ ನೆಲ್ಲಿಕಾಯಿ ಸೇರಿದರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ತಿನ್ನುವವರು ಮೊಟ್ಟೆ, ಮಾಂಸ ಬಳಸಬಹುದು. ಊಟದೊಂದಿಗೆ ಕಾಫಿ, ಟೀ ಬೇಡ.

ಆಹಾರವೊಂದರಿಂದಲೇ ಕೊರತೆ ನೀಗದು. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣದ ಮಾತ್ರೆ ನುಂಗಬೇಕು. ಮಲ ಕಪ್ಪಾದರೆ ಗಾಬರಿ ಬೇಡ. ಸುಣ್ಣದಂಶದ ಮಾತ್ರೆಯನ್ನು ಇದರೊಡನೆ ತೆಗೆದುಕೊಳ್ಳದೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಮೂರು ತಿಂಗಳು ತುಂಬಿದ ಮೇಲೆ ಜಂತುಹುಳು ಮಾತ್ರೆಯನ್ನು ವೈದ್ಯರ ಸಲಹೆಯಂತೆ ಒಮ್ಮೆ ತೆಗೆದುಕೊಳ್ಳಬೇಕು. ಕನಿಷ್ಠ ನಾಲ್ಕು ಸಲ ತಪಾಸಣೆ ಆಗಲೇಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇದೆ. ಈ ಏರ್ಪಾಡು 2016ರಲ್ಲಿ ಆರಂಭವಾಯಿತು.

ತವರಿಗೆ ಹೋಗುವ ಮೊದಲು

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವಾಗ ಸೀರೆ, ಕುಪ್ಪಸದ ಜೊತೆಗೆ ತಾಯಿ ಕಾರ್ಡು ಮತ್ತು ಉಳಿದ ಮಾತ್ರೆಗಳನ್ನೂ ಕಟ್ಟಿಕೊಳ್ಳಬೇಕು. ಹೋದೊಡನೆ ಅಲ್ಲಿಯ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ರಕ್ತ ಹೋಗುವುದು, ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಊದಿಕೊಳ್ಳುವುದು, ಫಿಟ್ಸ್, ಜ್ವರ, ನೀರು ಒಡೆಯುವುದು, ಕೂಸಿನ ಅಲುಗಾಟ ಕಡಿಮೆಯಾಗುವುದು—ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕು.

ಕೂಸಿನ ಆರೈಕೆ

ಕರು ಹುಟ್ಟಿದೊಡನೆ ಗಿಣ್ಣು ಕುಡಿಸದ ರೈತನಿಲ್ಲ. ಆದರೆ ತಾಯಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವ ಮನೆಗಳು ಇನ್ನೂ ಇವೆ. ರೋಗ ತಡೆಯುವ ಶಕ್ತಿಯಿರುವುದು ಆ ಹಾಲಿನಲ್ಲಿಯೇ. ಹುಟ್ಟಿದ ಒಂದು ಗಂಟೆಯೊಳಗೆ ಅದನ್ನು ಕುಡಿಸಬೇಕು. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು. ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ ಯಾವುದೂ ಬೇಡ.

ಮೊದಲ 24 ಗಂಟೆ ಸ್ನಾನ ಮಾಡಿಸಬಾರದು. ಕೂಸನ್ನು ಒರೆಸಿ, ತಲೆಗೆ ಕುಲಾವಿ ಹಾಕಿ, ತಾಯಿಯ ಮೈಗೆ ತಾಗಿಸಿ ಬೆಚ್ಚಗಿಡಬೇಕು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಇದು ಬಹಳ ಮುಖ್ಯ. ಹೊಕ್ಕುಳಿಗೆ ಬೂದಿ, ಅರಿಶಿನ, ಎಣ್ಣೆ ಹಚ್ಚದೆ ಒಣಗಲು ಬಿಡಬೇಕು. ಬಾಣಂತಿ ಕೋಣೆಯಲ್ಲಿ ಕೆಂಡ, ಸಾಂಬ್ರಾಣಿ ಹೊಗೆ ಕೂಡದು. ಬಾಣಂತಿಗೆ ನೀರು, ಸೊಪ್ಪು, ತರಕಾರಿ ಕಟ್ಟುನಿಟ್ಟು ಮಾಡಬಾರದು.

ಕೂಸು ಮೊಲೆ ಹಿಡಿಯದಿದ್ದರೆ, ಮೈ ತಣ್ಣಗಾದರೆ ಅಥವಾ ಜ್ವರ ಬಂದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ, ಅಂಗೈ-ಅಂಗಾಲು ಹಳದಿಯಾದರೆ ಮನೆಮದ್ದು ಮಾಡದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಕಳೆ ಒಂದು ವಾರ ತಡವಾದರೆ ಇಳುವರಿ ಒಂದಿಷ್ಟು ಕಡಿಮೆಯಾದೀತು. ಮುಂದಿನ ಹಂಗಾಮಿನಲ್ಲಿ ತುಂಬಿಕೊಳ್ಳಬಹುದು. ತಾಯಿಯ ಅಥವಾ ಕೂಸಿನ ಜೀವಕ್ಕೆ ಮುಂದಿನ ಹಂಗಾಮು ಇಲ್ಲ.