ಹಳೇ ವಿಂಡೋಸಿಗೆ ರ‍್ಯಾಮ್ ಹೆಚ್ಚಾದರೂ ಕಷ್ಟ

ಶಿಕಾರಿಪುರ, ಸೊರಬದ ಡಿಟಿಪಿ ಅಂಗಡಿಯವರೇ, ಹಳೇ ಲಗ್ನಪತ್ರಿಕೆ ಫೈಲು ತೆರೆಯಲೆಂದು ವಿಂಡೋಸ್ 98 ಹಾಕುವಾಗ ‘ಮೆಮೊರಿ ಸಾಲದು’ ಎಂದು ಬಂತೇ? ಹೊಸ ರ‍್ಯಾಮ್‌ಗೆಂದು ಶಿವಮೊಗ್ಗಕ್ಕೆ ಓಡಬೇಡಿ. ಎಷ್ಟೋ ಸಲ ತೊಂದರೆ ಉಲ್ಟಾ ಇರುತ್ತದೆ. ರ‍್ಯಾಮ್ 512 ಎಂಬಿ ದಾಟಿದರೆ ಡಿಸ್ಕ್ ಕ್ಯಾಶ್ ವಿಪರೀತ ಬೆಳೆದು, ಬೇರೆ ಕೆಲಸಕ್ಕೆ ಮೆಮೊರಿ ವಿಳಾಸಗಳೇ ಉಳಿಯುವುದಿಲ್ಲ. ಕರೆಂಟಿನ ವೈರ್ ಕಿತ್ತು, 256 ಎಂಬಿಯ ಒಂದೇ ರ‍್ಯಾಮ್ ಬಿಟ್ಟು ಉಳಿದದ್ದು ತೆಗೆದು, ವೈರ್ ಹಾಕಿ ಇನ್‌ಸ್ಟಾಲ್ ಮಾಡಿ. ಆಮೇಲೆ ಸಿಸ್ಟಮ್ ಡಾಟ್ ಐಎನ್‌ಐ ಫೈಲಿನ ವಿಕ್ಯಾಶ್ ಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್ 524288 ಮೀರದಂತೆ ಬರೆದು, ಮತ್ತೆ ವೈರ್ ಕಿತ್ತು ಉಳಿದ ರ‍್ಯಾಮ್ ಸಿಕ್ಕಿಸಿ. ಒಟ್ಟು 1 ಜಿಬಿ ಮೀರುವುದಂತೂ ಬೇಡ.

ಇನ್ನೂ ಸರಿಹೋಗದಿದ್ದರೆ ಇನ್ನೊಂದು ಕಾರಣ ನೋಡಿ: ನಮ್ಮ ಕಡೆಯ ಮಳೆಗಾಲದ ಥಂಡಿಗೆ ರ‍್ಯಾಮಿನ ಹೊಂಬಣ್ಣದ ಅಂಚು ಮಂಕಾಗುತ್ತದೆ, ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಆಗಲೂ ಎಡವಿದರೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಪರದೆಯಲ್ಲಿ ಕೆಂಪು ಸಾಲು ಬಂದರೆ ಆಗ ಹೊಸ ರ‍್ಯಾಮ್‌ಗೆ ದುಡ್ಡು ಹಾಕಿ.