‘ನೆಟ್ ಇಲ್ಲ’ ಎಂಬ ಮಾತಿನಿಂದ ಮುಂದಕ್ಕೆ: ಜಾಲದ ದೋಷ ಪತ್ತೆಯ ಒಂದು ಪಾಠ

ತರಗತಿ: 9
ವಿಷಯ: ಕಂಪ್ಯೂಟರ್ ಶಿಕ್ಷಣ
ಕಲಿಕಾಂಶ: ಜಾಲ ಸಂಪರ್ಕದ ದೋಷ ಪತ್ತೆ
ಅವಧಿ: 80 ನಿಮಿಷ (ಜೋಡಿ ಅವಧಿ)

ಪೀಠಿಕೆ

ಅಂತರ್ಜಾಲದ ಪುಟ ತೆರೆಯದಿದ್ದರೆ ಮಕ್ಕಳೂ ದೊಡ್ಡವರೂ ಹೇಳುವುದು ಒಂದೇ ಮಾತು: ‘ನೆಟ್ ಇಲ್ಲ’. ಕೇಬಲ್ ಸಡಿಲವಾಗಿದ್ದರೂ ಅದೇ ಮಾತು, ದೂರದ ಸರ್ವರ್ ನಿಂತಿದ್ದರೂ ಅದೇ ಮಾತು. ಮುಂದಿನ ಹೆಜ್ಜೆ ರೂಟರ್ ಆಫ್ ಮಾಡಿ ಆನ್ ಮಾಡುವುದು. ಸರಿಹೋದರೂ ಏಕೆ ಸರಿಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಬೋಧನಾಭ್ಯಾಸದಲ್ಲಿ ಈ ಕಲಿಕಾಂಶವನ್ನು ಆರಿಸಿಕೊಂಡಾಗ, ಆದೇಶಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಬದಲು ಒಂದು ಅಭ್ಯಾಸ ಬೆಳೆಸಲು ಪ್ರಯತ್ನಿಸಿದೆ: ಪ್ರತಿ ಪರೀಕ್ಷೆಗೆ ಮೊದಲು, ಅದರ ಫಲಿತಾಂಶ ಏನನ್ನು ತಿಳಿಸಬಲ್ಲದು ಎಂದು ಬರೆಯುವುದು.

ಪೂರ್ವಜ್ಞಾನ

ಐಪಿ ವಿಳಾಸ, ಸ್ವಿಚ್, ರೂಟರ್‌ಗಳ ಪರಿಚಯ ವಿದ್ಯಾರ್ಥಿಗಳಿಗಿತ್ತು. ಪಿಂಗ್ ಆದೇಶವನ್ನು ಪ್ರತಿಧ್ವನಿಯ ಮೂಲಕ ಪರಿಚಯಿಸಿದೆ: ನಾವು ಕೂಗಿದ್ದು ಬಂಡೆಗೆ ತಾಗಿ ಮರಳುವಂತೆ, ಕಳಿಸಿದ ಚಿಕ್ಕ ಸಂದೇಶಕ್ಕೆ ಆ ಕಡೆಯ ಯಂತ್ರ ಉತ್ತರ ಕಳಿಸುತ್ತದೆ. 1983ರಲ್ಲಿ ಇದನ್ನು ರಚಿಸಿದ ಅಮೆರಿಕದ ಮೈಕ್ ಮ್ಯೂಸ್ ಸೋನಾರ್‌ನ ಸದ್ದಿನಿಂದಲೇ ಆ ಹೆಸರಿಟ್ಟರು.

ಪೂರ್ವಸಿದ್ಧತೆ

ಪ್ರಯೋಗಾಲಯದಲ್ಲಿ 8 ಕಂಪ್ಯೂಟರ್, ಒಂದು ಸ್ವಿಚ್, ಒಂದು ರೂಟರ್ ಇದ್ದವು. ಮಾರ್ಗದರ್ಶಕ ಶಿಕ್ಷಕರ ಅನುಮತಿ ಪಡೆದು ಮೂರು ದೋಷಗಳನ್ನು ಯೋಜಿಸಿದೆ.

ಅ) ಒಂದು ಕಂಪ್ಯೂಟರ್‌ನ ಕೇಬಲ್ಲನ್ನು, ನೋಡಿದರೆ ಸಿಕ್ಕಿಸಿದಂತೆಯೇ ಕಾಣುವ ಹಾಗೆ, ಸ್ವಲ್ಪ ಹೊರಗೆಳೆಯುವುದು.
ಆ) ಇನ್ನೊಂದರಲ್ಲಿ ಡಿಎನ್‌ಎಸ್ ವಿಳಾಸವನ್ನು ತಪ್ಪಾಗಿ ನಮೂದಿಸುವುದು.
ಇ) ಕೊನೆಯಲ್ಲಿ, ರೂಟರ್‌ಗೆ ಹೊರಗಿನಿಂದ ಬರುವ ತಂತಿಯನ್ನು ಬಿಡಿಸುವುದು.

ಪ್ರತಿ ಗುಂಪಿಗೆ ನಾಲ್ಕು ಕಾಲಂಗಳ ಹಾಳೆ ಕೊಟ್ಟೆ: ‘ಪರೀಕ್ಷೆ’, ‘ಉತ್ತರ ಬಂದರೆ ಅರ್ಥವೇನು’, ‘ಬರದಿದ್ದರೆ ಅರ್ಥವೇನು’, ‘ಕಂಡದ್ದು’. ಮೊದಲ ಮೂರು ತುಂಬದೆ ಕೀಲಿಮಣೆ ಮುಟ್ಟುವಂತಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ.

ಬೋಧನಾ ಹಂತಗಳು

ಕಪ್ಪುಹಲಗೆಯ ಮೇಲೆ ಈ ಕ್ರಮವನ್ನು ಬರೆದೆ.

1. ತೊಂದರೆ ಒಂದೇ ಕಂಪ್ಯೂಟರ್‌ಗೋ, ಎಲ್ಲದಕ್ಕೋ?
2. ಕೇಬಲ್ ಸಿಕ್ಕಿಸಿದ ಜಾಗದ ದೀಪ ಉರಿಯುತ್ತಿದೆಯೇ?
3. ಐಪಿಕಾನ್ಫಿಗ್ ಯಾವ ವಿಳಾಸ ತೋರಿಸುತ್ತದೆ? 169.254 ಎಂದು ಆರಂಭವಾದರೆ ರೂಟರ್‌ನಿಂದ ವಿಳಾಸ ಸಿಕ್ಕಿಲ್ಲ. ಯಂತ್ರ ತಾನೇ ಒಂದನ್ನು ಇಟ್ಟುಕೊಂಡಿದೆ.
4. ರೂಟರ್‌ನ ವಿಳಾಸಕ್ಕೆ ಪಿಂಗ್ ಮಾಡಿದರೆ ಉತ್ತರ ಬರುತ್ತದೆಯೇ?
5. ಹೊರಗಿನ ವಿಳಾಸಕ್ಕೆ, ಉದಾಹರಣೆಗೆ 8.8.8.8ಕ್ಕೆ, ಉತ್ತರ ಬರುತ್ತದೆಯೇ?
6. ಅಂಕಿಯ ಬದಲು ಜಾಲತಾಣದ ಹೆಸರು ಕೊಟ್ಟರೆ?

ತರಗತಿಯಲ್ಲಿ ಕಂಡದ್ದು

ಮೊದಲ ದೋಷದ ಮುಂದೆ ಕುಳಿತ ಗುಂಪಿನಲ್ಲಿ ಒಬ್ಬ ಹುಡುಗ ಅಣ್ಣನಿಂದ ಕಲಿತಿದ್ದ 127.0.0.1ಕ್ಕೆ ಪಿಂಗ್ ಮಾಡಲು ಹೊರಟ. ‘ಉತ್ತರ ಬಂದರೆ ನೆಟ್ ಸರಿ ಇದೆ’ ಎಂದು ಹಾಳೆಯಲ್ಲಿ ಬರೆದಿದ್ದ. ನಾಲ್ಕೂ ಉತ್ತರ ಬಂದವು. ಪುಟ ಮಾತ್ರ ತೆರೆಯಲಿಲ್ಲ. ಕೇಬಲ್ಲನ್ನು ಪೂರ್ತಿ ಕಿತ್ತು ಮತ್ತೆ ಮಾಡಲು ಹೇಳಿದೆ. ಆಗಲೂ ಉತ್ತರ ಬಂತು! ಗುಂಪಿನ ಒಬ್ಬ ಹುಡುಗಿ, ‘ಅಂದ್ರೆ ಇದು ಕಂಪ್ಯೂಟರ್ ಬಿಟ್ಟು ಹೊರಗೇ ಹೋಗಿಲ್ಲ ಮಿಸ್’ ಎಂದಳು. ಅದೇ ಸರಿಯಾದ ವಿವರಣೆ. ಆ ವಿಳಾಸ ಯಂತ್ರದ ಒಳಗಿನ ಜಾಲ ತಂತ್ರಾಂಶವನ್ನು ಮಾತ್ರ ಪರೀಕ್ಷಿಸುತ್ತದೆ. ಹುಡುಗ ತನ್ನ ವಾಕ್ಯವನ್ನು ತಾನೇ ಹೊಡೆದುಹಾಕಿ ತಿದ್ದಿದ.

ಎರಡನೆಯ ಗುಂಪಿಗೆ 8.8.8.8ರಿಂದ ಉತ್ತರ ಬಂತು, ಜಾಲತಾಣದ ಹೆಸರು ಕೊಟ್ಟಾಗ ಬರಲಿಲ್ಲ. ಅವರು ಕೇಬಲ್ ಬದಲಿಸಲು ಎದ್ದರು. ‘ಹಾಳೆಯಲ್ಲಿ ಐದನೆಯ ಸಾಲು ಓದಿ’ ಎಂದಷ್ಟೇ ಹೇಳಿದೆ. ಹೊರಗಿನ ಉತ್ತರ ಆ ಕೇಬಲ್ ಮೂಲಕವೇ ಬಂದಿದೆ ಎಂದು ಅವರೇ ಬರೆದಿದ್ದರು, ಸುಮ್ಮನೆ ಕುಳಿತರು. ಪರದೆಯ ಸಂದೇಶವನ್ನು ಪದ ಬಿಡಿಸಿ ಓದಿದಾಗ, ಅದು ‘ಕಾದರೂ ಉತ್ತರವಿಲ್ಲ’ ಎನ್ನುತ್ತಿಲ್ಲ, ‘ಆ ಹೆಸರಿನ ಯಂತ್ರ ಸಿಗಲಿಲ್ಲ’ ಎನ್ನುತ್ತಿದೆ ಎಂದು ಗಮನಕ್ಕೆ ಬಂತು. ಹೆಸರನ್ನು ಅಂಕಿಯಾಗಿಸುವ ಡಿಎನ್‌ಎಸ್ ಕಡೆಗೆ ಅಲ್ಲಿಂದ ಒಂದೇ ಹೆಜ್ಜೆ.

ಮತ್ತೊಂದು ಗುಂಪು ಪಕ್ಕದ ಕಂಪ್ಯೂಟರ್‌ಗೆ ಪಿಂಗ್ ಮಾಡಿ ಉತ್ತರ ಕಾಣದೆ, ಅದು ಕೆಟ್ಟಿದೆ ಎಂದು ತೀರ್ಮಾನಿಸಿತು. ಆದರೆ ಅದರಲ್ಲಿ ಪುಟಗಳು ಚೆನ್ನಾಗಿಯೇ ತೆರೆಯುತ್ತಿದ್ದವು. ಅದರ ಫೈರ್‌ವಾಲ್ ಪಿಂಗ್ ಸಂದೇಶವನ್ನು ತಡೆದಿತ್ತು. ಉತ್ತರ ಬಂದರೆ ಅಲ್ಲಿಯವರೆಗೆ ದಾರಿ ಇದೆ ಎನ್ನಬಹುದು. ಬರದಿದ್ದರೆ ದಾರಿಯೇ ಇಲ್ಲ ಎನ್ನಲಾಗದು. ಈ ಅಂಶವನ್ನು ಇಡೀ ತರಗತಿಗೆ ವಿವರಿಸಿದೆ, ಏಕೆಂದರೆ ವಿಜ್ಞಾನದ ಪ್ರಯೋಗಗಳಲ್ಲೂ ಮಕ್ಕಳು ಎಡವುವುದು ಇಲ್ಲಿಯೇ.

ಮೂರನೆಯ ದೋಷವನ್ನು ಎಲ್ಲ ಗುಂಪುಗಳೂ ಬೇಗನೆ ಗುರುತಿಸಿದವು: ಎಲ್ಲ ಯಂತ್ರಗಳಿಗೂ ತೊಂದರೆ, ರೂಟರ್ ಉತ್ತರಿಸುತ್ತದೆ, ಅದರಾಚೆ ಏನೂ ಇಲ್ಲ.

ಮೌಲ್ಯಮಾಪನ

ಕೊನೆಯಲ್ಲಿ ಕೇಳಿದ ಪ್ರಶ್ನೆ: ‘ಬೇರೆಲ್ಲ ತಾಣಗಳು ತೆರೆಯುತ್ತವೆ, ವಿದ್ಯಾರ್ಥಿವೇತನದ ಅರ್ಜಿಯ ತಾಣ ಮಾತ್ರ ಯಾವ ಕಂಪ್ಯೂಟರ್‌ನಲ್ಲೂ ತೆರೆಯುತ್ತಿಲ್ಲ. ರೂಟರ್ ಆಫ್ ಮಾಡಬೇಕೇ?’ ಬಹುತೇಕರು ‘ಬೇಡ, ನಮ್ಮ ಕಡೆ ಸರಿ ಇದೆ’ ಎಂದು ಕಾರಣ ಸಹಿತ ಬರೆದರು. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: ‘ಸರ್ವರ್ ಇಲ್ಲ, ನಾಳೆ ಬನ್ನಿ ಅಂತಾರಲ್ಲ, ಅದು ನಿಜವೋ ಅಲ್ಲವೋ ನಾವೇ ನೋಡಬಹುದಾ ಮಿಸ್?’ ತಾಣ ಏಕೆ ನಿಂತಿದೆ ಎಂದು ಇಲ್ಲಿಂದ ತಿಳಿಯದು. ಆದರೆ ತೊಂದರೆ ಆ ಕಚೇರಿಯ ತಂತಿಯಲ್ಲಿದೆಯೋ, ತಾಣದ ಕಡೆ ಇದೆಯೋ ಎಂದು ವಿಚಾರಿಸಬಹುದು, ಇನ್ನೊಂದು ಸಂಪರ್ಕದಿಂದ ತೆರೆದು ನೋಡಬಹುದು ಎಂದು ಉತ್ತರಿಸಿದೆ. ಅರ್ಜಿಯ ಕೊನೆಯ ದಿನ ಕಾಯುತ್ತಿರುವ ಮನೆಗೆ ಇದು ಚಿಕ್ಕ ವ್ಯತ್ಯಾಸವಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠ ಮಾಡುವವರು ಎರಡು ವಿಷಯ ಗಮನಿಸಿ. ಡಿಎನ್‌ಎಸ್ ದೋಷ ಹಾಕುವ ಮುನ್ನ ಮೂಲ ಸಂಯೋಜನೆಗಳನ್ನು ಬರೆದಿಟ್ಟುಕೊಳ್ಳಿ. ಯಂತ್ರದಲ್ಲಿ ಉಳಿದ ಹಳೆಯ ಡಿಎನ್‌ಎಸ್ ಸಂಗ್ರಹವನ್ನು ಅಳಿಸಿ, ಇಲ್ಲದಿದ್ದರೆ ಹಿಂದೆ ತೆರೆದ ತಾಣದ ಹೆಸರು ದೋಷವಿದ್ದರೂ ಕೆಲಸ ಮಾಡಬಹುದು. ಹಾಗೆಯೇ ಅಂಕಗಳನ್ನು ದೋಷ ಕಂಡುಹಿಡಿದ ವೇಗಕ್ಕೆ ಕೊಡದೆ, ಹಾಳೆಯ ಎರಡನೆಯ ಮತ್ತು ಮೂರನೆಯ ಕಾಲಂಗೆ ಕೊಡಿ. ಅದೃಷ್ಟದಿಂದ ಕೇಬಲ್ ಒತ್ತಿದವನಿಗೂ ಯೋಚಿಸಿ ಒತ್ತಿದವಳಿಗೂ ಇರುವ ಅಂತರ ಕಾಣುವುದು ಆ ಎರಡು ಕಾಲಂಗಳಲ್ಲೇ.