ಶಾಲೆಯ ಕ್ರೀಡಾ ಅನುದಾನ ಮತ್ತು ಅದರ ಸದ್ವಿನಿಯೋಗ

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷಗಳ ಕಾಲ ಚುರುಕಾದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

2018ರಲ್ಲಿ ಜಾರಿಗೆ ಬಂದ ಸಮಗ್ರ ಶಿಕ್ಷಾ ಯೋಜನೆಯಡಿ ಸರ್ಕಾರಿ ಶಾಲೆಗಳಿಗೆ ವಾರ್ಷಿಕ ಕ್ರೀಡಾ ಅನುದಾನವನ್ನು ಗೊತ್ತುಪಡಿಸಲಾಯಿತು: ಪ್ರಾಥಮಿಕ ಶಾಲೆಗೆ ರೂ. 5,000, ಹಿರಿಯ ಪ್ರಾಥಮಿಕ ಶಾಲೆಗೆ ರೂ. 10,000, ಪ್ರೌಢಶಾಲೆಗೆ ರೂ. 25,000ದವರೆಗೆ. ಮೊತ್ತವು ದೊಡ್ಡದಲ್ಲ. ಕೊಂಡ ಚೆಂಡು ಬೀರುವಿನಲ್ಲಿಯೇ ಉಳಿದರೆ ಹಣ ಖರ್ಚಾದೀತೇ ಹೊರತು ಸದುಪಯೋಗವಾಗದು. ಆದುದರಿಂದ ಶಾಲೆಯು ಈ ಅಂಶಗಳನ್ನು ಗಮನಿಸಬೇಕು:

1. ಮಕ್ಕಳ ಸಂಖ್ಯೆಯನ್ನೂ ಇರುವ ಸ್ಥಳವನ್ನೂ ಲೆಕ್ಕಹಾಕಿದ ಅನಂತರವೇ ಸಾಮಗ್ರಿ ಕೊಳ್ಳುವುದು.

2. ಅಂಗಳ ಕಿರಿದಾಗಿದ್ದಲ್ಲಿ ಹಗ್ಗ ಜಿಗಿತ, ಲಗೋರಿ, ಯೋಗಾಸನಗಳನ್ನು ಆರಿಸಿಕೊಳ್ಳುವುದು.

3. ವೇಳಾಪಟ್ಟಿಯ ಆಟದ ಅವಧಿಯನ್ನು ಬೇರೆ ಪಾಠಕ್ಕೆ ಬಿಟ್ಟುಕೊಡದಿರುವುದು.

4. ತಂಡಕ್ಕೆ ಆಯ್ಕೆಯಾಗದವರಿಗೂ ಹೆಣ್ಣುಮಕ್ಕಳಿಗೂ ವಿಕಲಚೇತನರಿಗೂ ಆಡುವ ಸರದಿಯನ್ನು ದೊರಕಿಸುವುದು.

2009ರ ಶಿಕ್ಷಣ ಹಕ್ಕು ಕಾಯಿದೆಯಂತೆ, 8ನೆಯ ತರಗತಿಯವರೆಗಿನ ಸರ್ಕಾರಿ ಶಾಲೆಯ ವ್ಯವಸ್ಥಾಪನಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಯರು ಅಥವಾ ಪೋಷಕರೇ ಆಗಿರಬೇಕು. ಆದಕಾರಣ, ಪೋಷಕರೇ, ತಾವು ಯಾವುದೇ ರಾಜ್ಯದಲ್ಲಿ ನೆಲೆಸಿರಲಿ, ಸಮಿತಿಯ ಸಭೆಯಲ್ಲಿ ಎರಡು ಪ್ರಶ್ನೆಗಳನ್ನು ಕೇಳಿರಿ: ಈ ವರ್ಷ ಎಷ್ಟು ಅನುದಾನ ಬಂದಿತು? ಅದರಿಂದ ಎಷ್ಟು ಮಕ್ಕಳು ಆಡಿದರು?